ಹಿತ್ತಲಲ್ಲಿ ಸಿಕ್ಕಿದ ಘಾಟು

ಓಹೇರ್ ವಿಮಾನ ನಿಲ್ದಾಣಕ್ಕೆ ಇಳಿಯುವಾಗ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದರೆ ನೀವು ನಮ್ಮೂರನ್ನು ಮೇಲಿನಿಂದ ನೋಡಿರಲಿಕ್ಕೂ ಸಾಕು. ನಿಲ್ದಾಣದ ಉತ್ತರಕ್ಕೆ ಒತ್ತಿಕೊಂಡಿರುವ ಡೆಸ್ ಪ್ಲೇನ್ಸ್ ನಮ್ಮೂರು. ಊರಿಗೆ ಹೆಸರು ಬಂದದ್ದು ನದಿಯಿಂದ. ನದಿಗೆ ಆ ಹೆಸರಿಟ್ಟವರು ಫ್ರೆಂಚರು. ಅವರ ಬಾಯಲ್ಲಿ ಅದು ಹೆಚ್ಚುಕಡಿಮೆ ‘ದೇ ಪ್ಲೆನ್’. ಅವರು ನುಂಗುವ ಅಕ್ಷರಗಳನ್ನು ನಾವಿಲ್ಲಿ ಒಂದೂ ಬಿಡದೆ ಉಚ್ಚರಿಸಿ ‘ಡೆಸ್ ಪ್ಲೇನ್ಸ್’ ಮಾಡಿಕೊಂಡಿದ್ದೇವೆ. ತಲೆಯ ಮೇಲೆ ಸದಾ ವಿಮಾನ ಹಾರುವುದರಿಂದಲೇ ಊರಿಗೆ ಈ ಹೆಸರು ಬಂದಿದೆಯೆಂದು ನನ್ನ ಮಗಳು ಬಹಳ ದಿನ ನಂಬಿಕೊಂಡಿದ್ದಳು.

ರೇ ಕ್ರಾಕ್ 1955ರ ಏಪ್ರಿಲ್ 15ರಂದು ತಮ್ಮ ಮೊದಲ ಮೆಕ್‌ಡೊನಾಲ್ಡ್ಸ್ ತೆರೆದದ್ದು ಇಲ್ಲೇ. ಊರಿನ ವಿಷಯ ಬಂದರೆ ಎಲ್ಲರೂ ಅದನ್ನೇ ಹೇಳುತ್ತಾರೆ. ನಾನು ಹೇಳಹೊರಟಿರುವುದು ನಮ್ಮ ಹಿತ್ತಲಿನ ಒಂದು ಬೇರಿನ ವಿಷಯ, ಮತ್ತು ಅದರಿಂದ ನಮ್ಮ ಮನೆಯ ಕನ್ನಡಕ್ಕೆ ಆದದ್ದರ ವಿಷಯ.

ನಮ್ಮ ಬೇಲಿಯ ಆಚೆ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಮೊಮ್ಮಕ್ಕಳು ಅವರನ್ನು ‘ಬೂಶಾ’ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಪೋಲೆಂಡಿನಲ್ಲಿ ಅಜ್ಜಿಗೆ ಸಾಮಾನ್ಯವಾಗಿ ‘ಬಾಬ್ಚಾ’ ಎನ್ನುತ್ತಾರೆ. ‘ಬೂಶಾ’ ಎಂಬುದು ಶಿಕಾಗೊ, ಡೆಟ್ರಾಯಿಟ್ ಕಡೆಯ ಪೋಲಿಷ್ ಮನೆಗಳಲ್ಲಿ ಬೇರುಬಿಟ್ಟ ಪದ. ಅವರ ಹಿತ್ತಲ ಮೂಲೆಯಲ್ಲಿ ಒಂದು ಗಿಡವಿತ್ತು. ಹೊಗೆಸೊಪ್ಪಿನ ಎಲೆಯಷ್ಟು ದೊಡ್ಡ, ಒರಟು ಹಸಿರು ಎಲೆಗಳು. ಯಾವುದೋ ಕಳೆ ಎಂದುಕೊಂಡಿದ್ದೆ. ಕೇಳಿದಾಗ ಅವರು ‘ಹ್ಶಾನ್’ ಎಂದರು. ನನ್ನ ಮುಖ ನೋಡಿ, ‘ಹಾರ್ಸ್‌ರಾಡಿಶ್’ ಎಂದರು.

ಮೊದಲು ನಮ್ಮ ಮನೆಯ ಪರಿಸ್ಥಿತಿ ಹೇಳಬೇಕು. ಮಗಳು ನಾಲ್ಕು ವರ್ಷದವರೆಗೆ ಚೆನ್ನಾಗಿ ಕನ್ನಡ ಮಾತಾಡುತ್ತಿದ್ದಳು. ಸ್ಕೂಲು ಶುರುವಾಗಿ ಎರಡೇ ವರ್ಷದಲ್ಲಿ ಎಲ್ಲ ತಿರುಗುಮುರುಗು. ನಾವು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು. ನಿಮ್ಮಲ್ಲಿ ಅನೇಕರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಚಿತ್ರದ ಕಾರ್ಡು ತಂದೆವು. ಕನ್ನಡ ಕಾರ್ಟೂನು ಹಾಕಿದೆವು. ‘ಮನೆಯೊಳಗೆ ಕನ್ನಡ ಮಾತ್ರ’ ಎಂದು ಒಂದು ವಾರ ನಿಯಮ ಮಾಡಿದೆವು. ಆ ವಾರ ಅವಳು ಮಾತಾಡಿದ್ದೇ ಕಡಿಮೆ. ನಾನು ಸಂಶೋಧನೆಯ ಕೆಲಸದವನು, ಕಲಿತ ಪದಗಳಿಗೆ ಒಂದು ಸ್ಪ್ರೆಡ್‌ಶೀಟ್ ಕೂಡ ಮಾಡಿದ್ದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆ ಬೇಸಿಗೆ ಅಮ್ಮ ಸಾಗರದಿಂದ ಬಂದಳು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು. ಒಂದು ರಾತ್ರಿ ಊಟದ ಮೇಜಿನ ಮೇಲೆ ಅವಳ ಪುಸ್ತಕ ಬಿದ್ದಿತ್ತು. ಸಾಮಾನಿನ ಪಟ್ಟಿ ಇರಬೇಕೆಂದು ತೆರೆದೆ. ದುಂಡನೆಯ ಮೇಷ್ಟರಕ್ಷರದಲ್ಲಿ ಸಾಲಾಗಿ ಬರೆದಿತ್ತು: ‘ಆರ್ ಯೂ ಹಂಗ್ರಿ’, ‘ವಾಟ್ ಹ್ಯಾಪನ್ಡ್ ಇನ್ ಸ್ಕೂಲ್’, ‘ಕಮ್ ಸಿಟ್ ವಿತ್ ಮಿ’. ಮೊಮ್ಮಗಳ ಜೊತೆ ಮಾತಾಡಲು ಅಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದಳು. ಪುಸ್ತಕ ಮುಚ್ಚಿ ಇಟ್ಟೆ. ಅವಳಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ.

ಅಮ್ಮ ವಾಪಸು ಹೋದ ಮೇಲೆ, ಅಕ್ಟೋಬರ್ ಕೊನೆಯಲ್ಲಿ, ಬೂಶಾ ಬೇಲಿಯ ಬಳಿ ಕರೆದರು. ರಾತ್ರಿ ಗಟ್ಟಿಯಾಗಿ ಹಿಮ ಬಿದ್ದು ಎಲೆಗಳೆಲ್ಲ ಬಾಡಿ ಮಲಗಿದ್ದವು. ಅಗೆಯಲು ಅದೇ ಸರಿಯಾದ ಸಮಯವಂತೆ. ಚಳಿ ಹೊಡೆದ ಮೇಲೆ ಗಿಡ ಮೇಲಿನ ಕೆಲಸ ನಿಲ್ಲಿಸಿ ತನ್ನ ಶಕ್ತಿಯನ್ನು ಬೇರಿಗೆ ಇಳಿಸಿಕೊಂಡಿರುತ್ತದೆ. ತಪ್ಪಿದರೆ ವಸಂತದಲ್ಲಿ, ಹೊಸ ಎಲೆ ಒಡೆಯುವ ಮೊದಲು ಅಗೆಯಬಹುದು. ಅವರಿಗೆ ಬಗ್ಗಲು ಆಗುತ್ತಿರಲಿಲ್ಲ. ನಾನು ಅಗೆದೆ, ಮಗಳು ಕೈ ಹಾಕಿ ಮಣ್ಣು ಸರಿಸಿದಳು. ಇಲ್ಲಿನ ಜೇಡಿಮಣ್ಣಿನಿಂದ ಬೇರು ಎಳೆಯುವುದು ಎಂದರೆ ಬಾವಿಯಿಂದ ಕೊಡ ಎಳೆದಂತೆ. ಕೊನೆಗೆ ಹೊರಬಂದದ್ದು ಮಗಳ ತೋಳಿನಷ್ಟು ಉದ್ದದ, ಕಂದುಬಣ್ಣದ, ವಕ್ರವಕ್ರ ಬೇರು. ಮೂಸಿ ನೋಡಿದಳು. ‘ವಾಸನೆಯೇ ಇಲ್ಲ’ ಎಂದು ಇಂಗ್ಲಿಷಿನಲ್ಲಿ ನಿರಾಶೆ ವ್ಯಕ್ತಪಡಿಸಿದಳು. ಬೂಶಾ ನಕ್ಕು, ‘ತಡಿ’ ಎಂಬಂತೆ ಬೆರಳು ತೋರಿದರು.

ತುರಿಯುವ ಕೆಲಸವನ್ನು ಅವರು ಮನೆಯೊಳಗೆ ಮಾಡಲು ಬಿಡಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ, ಗಾಳಿಗೆ ಬೆನ್ನು ಹಾಕಿ ಕೂತೆವು. ಸಿಪ್ಪೆ ಹೆರೆದಾಗಲೂ ಏನೂ ಇಲ್ಲ. ತುರಿಮಣೆಗೆ ನಾಲ್ಕು ಸಲ ಉಜ್ಜಿದ್ದೇ ತಡ, ಮಗಳು ಎರಡು ಕೈಯಲ್ಲೂ ಮೂಗು ಹಿಡಿದು ಹಿಂದಕ್ಕೆ ಹಾರಿದಳು. ನನ್ನ ಕಣ್ಣಲ್ಲಿ ನೀರು. ಬೂಶಾ ಮಾತ್ರ ಹಾಯಾಗಿ ಕೂತಿದ್ದರು, ಅವರಿಗೆ ಇದು ಅರವತ್ತು ವರ್ಷದ ಅಭ್ಯಾಸ. ಈಸ್ಟರ್‌ಗೆ ಚರ್ಚಿಗೆ ಒಯ್ಯುವ ಬುಟ್ಟಿಯಲ್ಲಿ ಮೊಟ್ಟೆ, ಬ್ರೆಡ್ಡಿನ ಜೊತೆ ಇದೂ ಇರಬೇಕು ಎಂದರು. ಯಹೂದಿಗಳ ಪಾಸ್‌ಓವರ್ ಹಬ್ಬದ ತಟ್ಟೆಯಲ್ಲೂ ಅನೇಕ ಮನೆಗಳಲ್ಲಿ ಕಹಿಯ ಸಂಕೇತವಾಗಿ ಇದೇ ಬೇರು ಇರುತ್ತದೆ. ನಮ್ಮ ಯುಗಾದಿಯ ಬೇವಿನಂತೆ ಎಂದು ನಾನು ಹೇಳಿದೆ.

ಸಂಜೆ ಅಮ್ಮನಿಗೆ ವಿಡಿಯೋ ಕರೆ ಮಾಡಿದೆವು. ಅಲ್ಲಿ ಬೆಳಗಿನ ಕಾಫಿಯ ಹೊತ್ತು. ಮಗಳಿಗೆ ಈ ವಿಷಯ ಅಜ್ಜಿಗೆ ಹೇಳಲೇಬೇಕು, ಆದರೆ ಹೇಗೆ? ‘ಖಾರ’ ಎಂದಳು. ಎಂದವಳೇ ತಲೆ ಅಲ್ಲಾಡಿಸಿದಳು. ‘ಖಾರ, ಬಟ್ ನಾಲಿಗೆ ಅಲ್ಲ. ಮೂಗು. ಇಲ್ಲಿ, ಇಲ್ಲಿ’ ಎಂದು ಹಣೆ ಮುಟ್ಟಿ ತೋರಿಸಿದಳು. ಇಂಗ್ಲಿಷಿನಲ್ಲೂ ಅವಳ ಬಳಿ ಅದಕ್ಕೆ ಪದವಿರಲಿಲ್ಲ. ‘ಸ್ಪೈಸಿ’ ಸರಿಯಲ್ಲ, ‘ಹಾಟ್’ ಎಂದರೆ ಬಿಸಿ.

‘ಓ, ಘಾಟು ಅನ್ನು ಪುಟ್ಟೀ. ಘಾಟು ಹೊಡೀತು’ ಎಂದಳು ಅಮ್ಮ.

‘ಘಾಟು.’ ಮಗಳು ಅದನ್ನು ಬಾಯಲ್ಲಿ ಹೊರಳಿಸಿ ನೋಡಿದಳು. ಆ ‘ಘಾ’ ಗಂಟಲಿನ ಆಳದಿಂದ ಬರಬೇಕು, ಅವಳಿಗೆ ಅದು ಬಲು ಇಷ್ಟವಾಯಿತು. ಆಮೇಲೆ ಅಮ್ಮನೂ ಅವಳೂ ಏನೇನಕ್ಕೆ ಘಾಟು ಎಂದು ಪಟ್ಟಿ ಮಾಡಿದರು. ಒಣಮೆಣಸಿನಕಾಯಿ ಹುರಿದಾಗ. ಹೊಗೆಸೊಪ್ಪಿನ ಮೂಟೆ ಬಿಚ್ಚಿದಾಗ. ಸಾಸಿವೆ ಅರೆದಾಗ. ನಾನು ಪಕ್ಕದಲ್ಲಿ ಪಾತ್ರೆ ತೊಳೆಯುತ್ತಾ ಸುಮ್ಮನಿದ್ದೆ. ಆ ಕರೆ ಇಪ್ಪತ್ತು ನಿಮಿಷ ನಡೆಯಿತು. ಅದಕ್ಕೆ ಮೊದಲು ಮೂರು ನಿಮಿಷ ದಾಟಿದ್ದು ನನಗೆ ನೆನಪಿಲ್ಲ.

ಆ ಪಟ್ಟಿಯಲ್ಲಿದ್ದ ಸಾಸಿವೆಯೇ ಮುಂದಿನ ಪ್ರಶ್ನೆ ತಂದಿತು. ನಮ್ಮ ಕಡೆ ಸಾಸಮೆ ಮಾಡುತ್ತಾರೆ. ಕೆಲವರು ಸಾಸಿವೆ ಎಂದೇ ಕರೆಯುತ್ತಾರೆ. ತೆಂಗಿನಕಾಯಿಯ ಜೊತೆ ಹಸಿ ಸಾಸಿವೆ ಅರೆದು, ಮೊಸರು ಸೇರಿಸಿ, ಸೌತೆಕಾಯಿಗೋ ಬೀಟ್‌ರೂಟಿಗೋ ಮಾವಿನಹಣ್ಣಿಗೋ ಕಲಸುವುದು. ಕುದಿಸುವುದಿಲ್ಲ. ‘ಒಗ್ಗರಣೆ ಸಾಸಿವೆಗೆ ಘಾಟೇ ಇಲ್ವಲ್ಲ ಅಪ್ಪ?’ ಎಂದು ಮಗಳು ಕೇಳಿದಳು, ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ. ಅಮ್ಮನಿಗೆ ಉತ್ತರ ಅರ್ಧ ಗೊತ್ತಿತ್ತು: ‘ಸಾಸಮೆಗೆ ಬಿಸಿ ಮುಟ್ಟಿಸಬಾರದು, ಸಪ್ಪೆಯಾಗುತ್ತೆ.’ ಇನ್ನರ್ಧ ನನ್ನ ಕಸುಬಿಗೆ ಸೇರಿದ್ದು.

ಹಾರ್ಸ್‌ರಾಡಿಶ್, ಸಾಸಿವೆ, ಮೂಲಂಗಿ, ಎಲೆಕೋಸು ಎಲ್ಲ ಒಂದೇ ಕುಟುಂಬ. ಈ ಬೇರಿನ ಜೀವಕೋಶಗಳಲ್ಲಿ ಸಿನಿಗ್ರಿನ್ ಎಂಬ ವಸ್ತುವಿದೆ, ಅದಕ್ಕೆ ಘಾಟಿಲ್ಲ. ಮೈರೋಸಿನೇಸ್ ಎಂಬ ಕಿಣ್ವವೂ ಇದೆ, ಅದಕ್ಕೂ ಘಾಟಿಲ್ಲ. ಗಿಡ ಇವೆರಡನ್ನೂ ಬೇರೆಬೇರೆ ಕೋಣೆಗಳಲ್ಲಿ ಇಟ್ಟಿರುತ್ತದೆ. ಹುಳು ಕಚ್ಚಿದಾಗಲೋ ನಾವು ತುರಿದಾಗಲೋ ಗೋಡೆ ಒಡೆದು ಎರಡೂ ಸೇರುತ್ತವೆ. ಕ್ಷಣದಲ್ಲಿ ಆಲೈಲ್ ಐಸೋಥಯೋಸಯನೇಟ್ ಎಂಬ ಮೂರನೆಯದು ಹುಟ್ಟುತ್ತದೆ. ಘಾಟು ಅದರದು. ನಮ್ಮ ಕಪ್ಪು ಸಾಸಿವೆಯದೂ ಅದೇ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಾಲಿಗೆಗೆ ಅಂಟಿಕೊಂಡು ಉರಿಸುತ್ತದೆ, ಇದು ಹಾಗಲ್ಲ, ಸುಲಭವಾಗಿ ಆವಿಯಾಗುವುದರಿಂದ ನೇರ ಮೂಗಿಗೇರುತ್ತದೆ. ನರಗಳಲ್ಲಿ ಇವೆರಡನ್ನು ಮುಖ್ಯವಾಗಿ ಹಿಡಿಯುವ ಗ್ರಾಹಕಗಳೂ ಬೇರೆ. ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯಲ್ಲಿ ಕಿಣ್ವ ಕೆಲಸ ಮಾಡುವ ಮೊದಲೇ ಕೆಡುತ್ತದೆ, ಅದಕ್ಕೇ ಒಗ್ಗರಣೆಯ ಸಾಸಿವೆ ಸಾಧು. ಮಕ್ಕಳು ಸುಶಿ ಜೊತೆ ತಿನ್ನುವ ಹಸಿರು ವಸಾಬಿಯೂ ಜಪಾನಿನ ಹೊರಗೆ ಹೆಚ್ಚಾಗಿ ಹಾರ್ಸ್‌ರಾಡಿಶ್, ಸಾಸಿವೆ ಮತ್ತು ಬಣ್ಣ.

ಅಮ್ಮನಿಗೆ ಬೇರೊಂದು ನೆನಪಾಯಿತು. ‘ನಮ್ಮ ನುಗ್ಗೆಮರದ ಬೇರಿಗೂ ಇಂಥದೇ ಘಾಟು ಕಣೋ.’ ನಿಜ. ಇಂಗ್ಲಿಷಿನಲ್ಲಿ ನುಗ್ಗೆಗೆ ‘ಹಾರ್ಸ್‌ರಾಡಿಶ್ ಮರ’ ಎಂಬ ಹೆಸರೇ ಇದೆ. ಭಾರತಕ್ಕೆ ಬಂದ ಇಂಗ್ಲಿಷರು ತಮ್ಮೂರಿನ ಬೇರಿಲ್ಲದೆ ಪರದಾಡಿ ನುಗ್ಗೆಬೇರನ್ನೇ ತುರಿದು ತಿನ್ನುತ್ತಿದ್ದರು. ನೀವು ಅದನ್ನು ಮಾಡಬೇಡಿ. ನುಗ್ಗೆಬೇರಿನ ಸಿಪ್ಪೆಯಲ್ಲಿ ವಿಷಕಾರಿ ಅಂಶಗಳಿವೆ. ಆದರೂ ಅವರು ಅಲ್ಲಿ ನುಗ್ಗೆಯಲ್ಲಿ ತಮ್ಮೂರನ್ನು ಹುಡುಕಿದ್ದು, ನಾವು ಇಲ್ಲಿ ಹಾರ್ಸ್‌ರಾಡಿಶಿನಲ್ಲಿ ಸಾಸಮೆಯನ್ನು ಹುಡುಕುತ್ತಿರುವುದು ನೆನೆದರೆ ನಗು ಬರುತ್ತದೆ.

ಹೆಸರಿನ ವಿಷಯ ಬಂತಲ್ಲ, ಮಗಳು ಇದನ್ನು ಮೊದಲು ‘ಕುದುರೆ ಮೂಲಂಗಿ’ ಎಂದಳು. ಅಮ್ಮ ಬಿದ್ದುಬಿದ್ದು ನಕ್ಕಳು. ಇಲ್ಲಿ ‘ಹಾರ್ಸ್’ ಎಂದರೆ ಒರಟು, ದೊಡ್ಡದು ಎಂದರ್ಥ. ನಾವು ಆನೆನೆಗ್ಗಿಲು, ನಾಯಿಸಾಸಿವೆ ಎನ್ನುತ್ತೇವಲ್ಲ, ಹಾಗೆ. ಕುದುರೆ ಇದನ್ನು ತಿನ್ನಬಾರದು, ಅದಕ್ಕೆ ಇದು ವಿಷ.

ಅಂದು ಬೂಶಾ ದಪ್ಪ ಬೇರನ್ನು ತಾವಿಟ್ಟುಕೊಂಡು, ಪೆನ್ಸಿಲ್ ಗಾತ್ರದ ಅಡ್ಡಬೇರುಗಳನ್ನು ನಮಗೆ ಕೊಟ್ಟರು. ಈ ಗಿಡ ಮೊಳೆಯುವಂಥ ಬೀಜ ಬಿಡುವುದು ಅಪರೂಪ, ಬೇರಿನ ತುಂಡಿನಿಂದಲೇ ಸಂತಾನ. ಎಂಟು-ಹತ್ತು ಇಂಚಿಗೆ ಕತ್ತರಿಸುವಾಗ ಮೇಲ್ತುದಿ ನೇರಕ್ಕೆ, ಕೆಳತುದಿ ಓರೆಗೆ ಕತ್ತರಿಸಬೇಕು ಎಂದು ತೋರಿಸಿದರು. ಇಲ್ಲವಾದರೆ ಐದು ತಿಂಗಳ ಮೇಲೆ ತಲೆ ಯಾವುದು, ಕಾಲು ಯಾವುದು ಎಂದು ತಿಳಿಯುವುದಿಲ್ಲ. ಒದ್ದೆ ಮರಳಲ್ಲಿ ಹೂತು, ಡಬ್ಬಿಯನ್ನು ಫ್ರಿಜ್ಜಿನ ತಳದಲ್ಲಿಟ್ಟೆವು. ಚಳಿಗಾಲವಿಡೀ ಮಗಳು ಆಗಾಗ ಅದನ್ನು ತೆರೆದು, ‘ಮಲಗಿದೆ’ ಎಂದು ಅಜ್ಜಿಗೆ ವರದಿ ಒಪ್ಪಿಸುತ್ತಿದ್ದಳು.

ಏಪ್ರಿಲಿನಲ್ಲಿ ಮಣ್ಣು ಸಡಿಲವಾದೊಡನೆ ನೆಟ್ಟೆವು. ಒಂದಡಿ ಆಳಕ್ಕೆ ಅಗೆದು, ಕೊಳೆತ ಗೊಬ್ಬರ ಸೇರಿಸಿ, ಬೇರುಗಳನ್ನು ಓರೆಯಾಗಿ ಮಲಗಿಸಿ, ಮೇಲ್ತುದಿ ಎರಡು-ಮೂರು ಇಂಚು ಮಣ್ಣಿನೊಳಗೆ ಇರುವಂತೆ, ಒಂದೂವರೆ-ಎರಡು ಅಡಿ ಅಂತರದಲ್ಲಿ. ಬೂಶಾ ಕುರ್ಚಿಯ ಮೇಲೆ ಕೂತು ನೋಡುತ್ತಿದ್ದರು. ಮಗಳು ಪ್ರತಿ ಗುಣಿಗೂ ‘ತಲೆ ಮೇಲೆ, ಕಾಲು ಕೆಳಗೆ’ ಎಂದು ಹೇಳಿಕೊಳ್ಳುತ್ತಿದ್ದಳು. ಅದು ಅವಳಾಗಿ ಹೇಳಿದ ಕನ್ನಡ. ಕೆಲಸಕ್ಕೆ ಬೇಕಾಗಿದ್ದರಿಂದ ಬಂದದ್ದು.

ಕೈ ತೊಳೆಯುವಾಗ ಬೂಶಾ ಹೇಳಿದರು, ಮನೆ ಮಾರಾಟವಾಗಿದೆ, ಮೇ ಕೊನೆಗೆ ಮಗನ ಮನೆಗೆ ಹೊರಡುತ್ತೇನೆ ಎಂದು. ಬೇರೆ ರಾಜ್ಯ, ಬಿಸಿಲಿನ ಊರು, ಅಲ್ಲಿ ಅಂಗಳವಿಲ್ಲ. ಹೊಸಬರು ಹಿತ್ತಲಿಗೆ ಕಾಂಕ್ರೀಟ್ ಹಾಕುತ್ತಾರಂತೆ. ಮಗಳು ಒಳಗೆ ಹೋದ ಮೇಲೆ, ‘ಅವಳು ನಿಮ್ಮ ಭಾಷೆ ಮಾತಾಡುತ್ತಾಳಲ್ಲ, ಒಳ್ಳೆಯದು’ ಎಂದರು. ಸ್ವಲ್ಪ, ಎಂದೆ. ‘ನಮ್ಮಲ್ಲಿ ನಾನು ಗಂಡನ ಜೊತೆ ಪೋಲಿಷ್, ಮಕ್ಕಳ ಜೊತೆ ಅರ್ಧ ಪೋಲಿಷ್. ಸ್ಕೂಲಿನಲ್ಲಿ ತೊಂದರೆ ಆಗಬಾರದು ಅಂತ. ಮೊಮ್ಮಕ್ಕಳಿಗೆ ಈಗ ಬರುವುದು ಹ್ಶಾನ್ ಒಂದೇ. ಅದೂ ಬಾಟಲಿಯ ಮೇಲೆ ಬರೆದಿರುತ್ತದಲ್ಲ, ಅದಕ್ಕೆ.’ ಅವರು ಅದನ್ನು ದೂರಿನಂತೆ ಹೇಳಲಿಲ್ಲ. ಮಳೆ ಬರುವಂತಿದೆ ಎಂದಷ್ಟೇ ಸಹಜವಾಗಿ ಹೇಳಿದರು. ಅಮ್ಮನ ಪುಸ್ತಕ ನನ್ನ ಕಣ್ಣ ಮುಂದೆ ಬಂತು.

ಬೂಶಾ ಹೋದ ಮೇಲೆ, ಅಂದರೆ ಆ ಬೇಸಿಗೆಯಲ್ಲಿ, ನಾವು ಕಾಲಿನ್ಸ್‌ವಿಲ್‌ಗೆ ಹೋದೆವು. ಇಲಿನಾಯ್ ರಾಜ್ಯದ ಇನ್ನೊಂದು ತುದಿ, ಸೇಂಟ್ ಲೂಯಿಸ್ ನಗರದ ಎದುರು, ಐದು ಗಂಟೆಯ ಹಾದಿ. ನಮ್ಮೂರ ಡೆಸ್ ಪ್ಲೇನ್ಸ್ ನದಿ ಕ್ಯಾಂಕಕೀ ನದಿಯೊಂದಿಗೆ ಕೂಡಿ ಇಲಿನಾಯ್ ನದಿಯಾಗುತ್ತದೆ. ಇಲಿನಾಯ್ ನದಿ ಮಿಸಿಸಿಪ್ಪಿಗೆ ಸೇರುತ್ತದೆ. ಮಿಸಿಸಿಪ್ಪಿ ಆ ಬಯಲಿನ ಪಕ್ಕದಲ್ಲೇ ಹರಿಯುತ್ತದೆ. ‘ನಮ್ಮ ನೀರು ಹೋಗೋ ಜಾಗಕ್ಕೆ ಹೋಗ್ತಿದ್ದೀವಿ’ ಎಂದು ಮಗಳಿಗೆ ಹೇಳಿದ್ದೆ.

ಕಾಲಿನ್ಸ್‌ವಿಲ್ ತನ್ನನ್ನು ಹಾರ್ಸ್‌ರಾಡಿಶಿನ ವಿಶ್ವ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಅಮೆರಿಕದ ಬೆಳೆಯ ದೊಡ್ಡ ಪಾಲು ಈ ಸುತ್ತಲಿನ ಹೊಲಗಳದು. ನದಿ ಸಾವಿರಾರು ವರ್ಷ ತಂದು ಸುರಿದ ಮಣ್ಣು, ಉದ್ದನೆಯ ಬೇಸಿಗೆ, ಬೇರಿಗೆ ನಿದ್ದೆ ಕೊಡುವಷ್ಟು ಚಳಿ, ಮೂರೂ ಇಲ್ಲಿವೆ. 19ನೆಯ ಶತಮಾನದ ಕೊನೆಯ ಹೊತ್ತಿಗೆ ಜರ್ಮನ್ ವಲಸೆಗಾರರು ಇದನ್ನು ಇಲ್ಲಿ ಬೇಸಾಯಕ್ಕೆ ತಂದರು. ಊರಿನಲ್ಲಿ ವರ್ಷಕ್ಕೊಮ್ಮೆ ಹಾರ್ಸ್‌ರಾಡಿಶ್ ಜಾತ್ರೆಯೂ ಇದೆ. ಬೇರನ್ನು ಯಾರು ದೂರ ಎಸೆಯುತ್ತಾರೆಂದು ಸ್ಪರ್ಧೆ ನಡೆಯುತ್ತದೆ. ನಾವು ಹೋದಾಗ ಜಾತ್ರೆ ಇರಲಿಲ್ಲ, ರಸ್ತೆಯ ಎರಡೂ ಬದಿ ಎಲೆಗಳು ಮಾತ್ರ ಇದ್ದವು. ಒಂದು ಗಿಡಕ್ಕೆ ಹಿತ್ತಲ ಮೂಲೆಯೇ ಸಾಕೆಂದು ತಿಳಿದಿದ್ದ ಮಗಳು ಎಕರೆಗಟ್ಟಲೆ ನೋಡಿ, ‘ಇಷ್ಟೊಂದು ಘಾಟಾ!’ ಎಂದಳು.

ಊರಿಗೆ ತಗುಲಿಕೊಂಡೇ ಕಹೋಕಿಯಾ ದಿಬ್ಬಗಳಿವೆ, 1982ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಸುಮಾರು 900 ವರ್ಷಗಳ ಹಿಂದೆ ಇಲ್ಲಿ ದೊಡ್ಡ ನಗರವಿತ್ತು. ನಮ್ಮಲ್ಲಿ ಚಾಲುಕ್ಯರು ಕಲ್ಯಾಣದಿಂದ ಆಳುತ್ತಿದ್ದ ಕಾಲ ಅದು. ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ ಮಾಂಕ್ಸ್ ಮೌಂಡ್ ಸುಮಾರು 100 ಅಡಿ ಎತ್ತರವಿದೆ. ಮೆಟ್ಟಿಲು ಹತ್ತಿ ಮೇಲೆ ನಿಂತರೆ ಸೇಂಟ್ ಲೂಯಿಸಿನ ಕಮಾನು ಕಾಣುತ್ತದೆ. ‘ಈ ಊರಿಗೆ ಅವರು ಏನಂತಿದ್ರು?’ ಎಂದು ಮಗಳು ಕೇಳಿದಳು. ಅದು ಯಾರಿಗೂ ಗೊತ್ತಿಲ್ಲ. ಅವರು ಬರಹ ಬಿಟ್ಟುಹೋಗಲಿಲ್ಲ. ಕಹೋಕಿಯಾ ಎಂಬುದು ಎಷ್ಟೋ ಕಾಲದ ನಂತರ, ಫ್ರೆಂಚರು ಬಂದಾಗ ಅಲ್ಲಿದ್ದ ಬೇರೊಂದು ಬುಡಕಟ್ಟಿನ ಹೆಸರು. ‘ಅಷ್ಟು ಜನ ಇದ್ರು, ಒಂದು ಪದಾನೂ ಇಲ್ವಾ?’ ಎಂದಳು.

ವಾಪಸು ಬರುವಾಗ ಅವಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋದಳು. ನಾನು ಹೆಸರುಗಳ ಬಗ್ಗೆ ಯೋಚಿಸುತ್ತಿದ್ದೆ. ಶಿಕಾಗೊ ಎಂಬುದೂ ಮಯಾಮಿ-ಇಲಿನಾಯ್ ಜನರ ಮಾತಿನಿಂದ ಬಂದದ್ದು, ನದಿದಂಡೆಯಲ್ಲಿ ಬೆಳೆಯುತ್ತಿದ್ದ, ಮೂಗಿಗೆ ಬಡಿಯುವ ವಾಸನೆಯ ಕಾಡು ಬೆಳ್ಳುಳ್ಳಿ ಜಾತಿಯ ಗಿಡದ ಹೆಸರು. ಫ್ರೆಂಚರು ನಮ್ಮೂರಿಗೆ ಒಂದು ಹೆಸರು ಬಿಟ್ಟರು, ಅವರ ಉಚ್ಚಾರವೂ ಉಳಿಯಲಿಲ್ಲ. ಬೂಶಾರ ಮನೆಯಲ್ಲಿ ಉಳಿದದ್ದು ಬಾಟಲಿಯ ಮೇಲಿನ ಒಂದು ಪದ. ನಮ್ಮ ಮನೆಯಲ್ಲಿ ಏನುಳಿಯಬಹುದು? ದೋಸೆ? ಅಜ್ಜಿ? ಸ್ಪ್ರೆಡ್‌ಶೀಟಿನಲ್ಲಿ ಇನ್ನೂರು ಪದ ತುಂಬಿಸಿದ್ದೆ. ಅವಳು ಬಳಸಿದ್ದು ತನಗೆ ಬೇಕಾದ ನಾಲ್ಕನ್ನು. ಘಾಟು, ತಲೆ, ಕಾಲು, ಮಲಗಿದೆ. ಬೇರೆ ಯಾವ ಪದದಿಂದಲೂ ಆಗದ ಕೆಲಸ ಇದ್ದಾಗ, ಅದನ್ನು ಕೇಳಿಸಿಕೊಳ್ಳುವ ಒಬ್ಬಳು ಅಜ್ಜಿ ಇದ್ದಾಗ ಅವು ಬಂದವು. ಅಂದಿನಿಂದ ಪದ ಕಲಿಸುವುದನ್ನು ನಿಲ್ಲಿಸಿ, ಅವಳ ಜೊತೆ ಮಾಡುವ ಕೆಲಸಗಳನ್ನು ಹೆಚ್ಚಿಸಿದೆ.

ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೊದಲ ಸಲ ಹೆರೆದ ಸಿಪ್ಪೆ, ತುದಿ, ಚೂರುಗಳನ್ನೆಲ್ಲ ಗೊಬ್ಬರದ ತೊಟ್ಟಿಗೆ ಹಾಕಿ, ಆ ಗೊಬ್ಬರವನ್ನು ವಸಂತದಲ್ಲಿ ಟೊಮೆಟೊ ಪಾತಿಗೆ ಹರಡಿದ್ದೆ. ಜೂನಿನ ಹೊತ್ತಿಗೆ ಟೊಮೆಟೊ ನಡುವೆ ಹನ್ನೊಂದು ಕಡೆ ಹಾರ್ಸ್‌ರಾಡಿಶ್ ಎದ್ದಿತ್ತು. ಬೆರಳಿನಷ್ಟು ತುಂಡು ಮಣ್ಣಿನಲ್ಲಿ ಉಳಿದರೂ ಇದು ಚಿಗುರುತ್ತದೆ. ಆದ್ದರಿಂದ ತರಕಾರಿ ಪಾತಿಯಿಂದ ದೂರ ನೆಡಿ, ಇಲ್ಲವೇ ತಳ ಕತ್ತರಿಸಿದ ದೊಡ್ಡ ಬಕೆಟ್ಟನ್ನು ಮಣ್ಣಿಗೆ ಇಳಿಸಿ ಅದರೊಳಗೆ ನೆಡಿ. ಚೂರುಗಳನ್ನು ಕಸದ ಚೀಲಕ್ಕೆ ಹಾಕಿ.

ನವೆಂಬರ್ ನಮಗಿಲ್ಲಿ ರಾಜ್ಯೋತ್ಸವದ ತಿಂಗಳು. ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟದವರನ್ನು ಕಂಡು ಬಂದ ಮರುದಿನ, ನಮ್ಮದೇ ಗಿಡದ ಮೊದಲ ಬೇರುಗಳನ್ನು ಅಗೆದೆವು. ಫೋನನ್ನು ಬೇಲಿಗೆ ಆನಿಸಿಟ್ಟಿದ್ದೆವು, ಅಮ್ಮ ಸಾಗರದ ಜಗಲಿಯಿಂದ ನೋಡುತ್ತಿದ್ದಳು. ‘ಸುತ್ತ ಬಿಡಿಸ್ಕೋ ಮೊದ್ಲು, ಎಳೀಬೇಡ, ಮುರಿಯುತ್ತೆ’ ಎಂದು ಅಲ್ಲಿಂದಲೇ ಮೇಷ್ಟರಿಕೆ. ಮಗಳು ಎಳೆದಳು, ಮುರಿಯಿತು. ‘ಹೇಳ್ಲಿಲ್ವಾ!’ ‘ಸ್ವಲ್ಪ ಮಾತ್ರ ಮುರೀತು ಅಜ್ಜಿ!’

ತಯಾರಿಸುವ ಕ್ರಮ ಸರಳ. ಬೇರನ್ನು ಚೆನ್ನಾಗಿ ಉಜ್ಜಿ ತೊಳೆದು, ಸಿಪ್ಪೆ ಹೆರೆದು, ಸಣ್ಣ ತುಂಡು ಮಾಡಿ. ಮಿಕ್ಸಿಗೆ ಒಂದು ಕಪ್ ತುಂಡು, ಎರಡು-ಮೂರು ಚಮಚ ತಣ್ಣೀರು ಹಾಕಿ ತರಿತರಿಯಾಗಿ ರುಬ್ಬಿ. ಕಿಟಕಿ ತೆರೆದಿರಲಿ. ಮುಚ್ಚಳ ತೆಗೆಯುವಾಗ ಮುಖ ದೂರವಿರಲಿ, ಮಕ್ಕಳು ಇನ್ನೂ ದೂರ. ಇಲ್ಲೊಂದು ಗುಟ್ಟಿದೆ. ರುಬ್ಬಿದ ಕೂಡಲೇ ಎರಡು ದೊಡ್ಡ ಚಮಚ ವಿನೆಗರ್ ಹಾಕಿದರೆ ಹುಳಿ ಕಿಣ್ವವನ್ನು ತಡೆಯುತ್ತದೆ, ಘಾಟು ಮಕ್ಕಳಿಗೆ ತಡೆಯುವಷ್ಟರಲ್ಲೇ ನಿಲ್ಲುತ್ತದೆ. ಮೂರು ನಿಮಿಷ ತಡೆದು ಹಾಕಿದರೆ ಬೂಶಾ ಮೆಚ್ಚುವಂಥದು ಸಿಗುತ್ತದೆ. ಅರ್ಧ ಚಮಚ ಉಪ್ಪು ಬೆರೆಸಿ, ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ನಾಲ್ಕಾರು ವಾರದೊಳಗೆ ಮುಗಿಸಿದರೆ ಚೆನ್ನ, ಆಮೇಲೆ ಘಾಟು ಇಳಿದು ಬಣ್ಣ ಕಂದಾಗುತ್ತದೆ.

ಪೋಲಿಷ್ ಮನೆಗಳಲ್ಲಿ ಇದನ್ನು ಬೆಂದ ಬೀಟ್‌ರೂಟಿನ ತುರಿಗೆ ಬೆರೆಸುತ್ತಾರೆ. ಬೂಶಾ ಒಮ್ಮೆ ಕೊಟ್ಟಿದ್ದರು. ಬಾಯಿಗಿಟ್ಟಾಗ ನನಗೆ ಅಮ್ಮನ ಬೀಟ್‌ರೂಟ್ ಸಾಸಮೆಯ ನೆನಪು ಬಂದಿತ್ತು. ಆದ್ದರಿಂದ ಈ ಸಲ ನಾವು ಮಾಡಿದ್ದು ಹೀಗೆ: ಬೇಯಿಸಿ ತುರಿದ ಒಂದು ಬೀಟ್‌ರೂಟ್, ಅರ್ಧ ಕಪ್ ಕಾಯಿತುರಿ ಒಂದು ಹಸಿಮೆಣಸಿನಕಾಯಿಯ ಜೊತೆ ನುಣ್ಣಗೆ ಅರೆದದ್ದು, ಒಂದು ಕಪ್ ಗಟ್ಟಿ ಮೊಸರು, ಉಪ್ಪು. ಅರೆದ ಸಾಸಿವೆಯ ಬದಲು ಒಂದು ಚಮಚ ಹಾರ್ಸ್‌ರಾಡಿಶ್. ಕೊಬ್ಬರಿ ಎಣ್ಣೆಯ ಒಗ್ಗರಣೆಯನ್ನು ಆರಿಸಿ ಹಾಕಿ, ಬಿಸಿಯಾಗಿ ಸುರಿಯಬೇಡಿ. ಬಿಸಿ ಅನ್ನಕ್ಕೆ ಕಲಸಿ ತಿಂದರೆ ಮೊದಲು ಸಿಹಿ, ಆಮೇಲೆ ಹುಳಿ, ಆಮೇಲೆ ಮೂಗಿನ ಮೇಲೊಂದು ಪೆಟ್ಟು.

ಮಗಳಿಗೀಗ ಎಂಟು. ಅವಳು ಸರಾಗವಾಗಿ ಕನ್ನಡ ಮಾತಾಡುತ್ತಾಳೆಂದು ಬರೆದರೆ ಸುಳ್ಳಾಗುತ್ತದೆ. ಸ್ಕೂಲಿನ ವಿಷಯ, ಗೆಳತಿಯರ ಜಗಳ, ಲೆಕ್ಕ ಎಲ್ಲ ಇಂಗ್ಲಿಷಿನಲ್ಲೇ. ಕ್ರಿಯಾಪದ ತಪ್ಪುತ್ತವೆ, ‘ಅವನು ಬಂತು’ ಎನ್ನುತ್ತಾಳೆ. ಆದರೆ ಮಣ್ಣು, ಅಡುಗೆ, ಅಜ್ಜಿ ಇವುಗಳ ಹತ್ತಿರ ಬಂದಾಗ ತಾನಾಗಿಯೇ ಕನ್ನಡಕ್ಕೆ ತಿರುಗುತ್ತಾಳೆ. ಶನಿವಾರದ ಕರೆಗೆ ಈಗ ನಾನು ನೆನಪಿಸಬೇಕಿಲ್ಲ. ಅಮ್ಮನನ್ನು ಒಮ್ಮೆ ಧೈರ್ಯ ಮಾಡಿ ಆ ಪುಸ್ತಕದ ಬಗ್ಗೆ ಕೇಳಿದೆ. ‘ಇದೆ, ಹಾಲಿನ ಲೆಕ್ಕ ಬರೀತೀನಿ ಅದ್ರಲ್ಲಿ’ ಎಂದಳು.

ಅಂದು ಬಾಟಲಿ ತುಂಬಿಸಿದ ಮೇಲೆ ಅದಕ್ಕೊಂದು ಚೀಟಿ ಅಂಟಿಸಬೇಕಿತ್ತು. ಹಾರ್ಸ್‌ರಾಡಿಶಿಗೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಮಗಳು ಅಜ್ಜಿಯನ್ನು ಕೇಳಿದಳು. ‘ನಮ್ಮೂರಲ್ಲಿ ಬೆಳೆಯೋದೇ ಇಲ್ವಲ್ಲ ಪುಟ್ಟೀ, ಹೆಸರು ಎಲ್ಲಿಂದ ಬರ್ಬೇಕು? ಬೆಳೆಸಿದವಳು ನೀನು, ನೀನೇ ಇಡು.’ ಅವಳು ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತಳು. ‘ಘಾ’ ಹೇಗೆ ಬರೆಯುವುದೆಂದು ಕೇಳಿದಳು. ಅಜ್ಜಿ ಗಾಳಿಯಲ್ಲಿ ಬರೆದು ತೋರಿಸಿದಳು.

ಎರಡು ಬಾಟಲಿಗಳಲ್ಲಿ ಒಂದನ್ನು ಬೂಶಾರ ಹೊಸ ವಿಳಾಸಕ್ಕೆ ಕಳುಹಿಸಿದೆವು, ತಣ್ಣಗೆ ಉಳಿಯುವಂತೆ ಕಟ್ಟಿ, ಜೊತೆಗೆ ಕುಂಡದಲ್ಲಿ ನೆಡಲು ಒಂದು ತುಂಡು ಬೇರು. ಇನ್ನೊಂದು ನಮ್ಮ ಫ್ರಿಜ್ಜಿನಲ್ಲಿದೆ. ಎರಡರ ಮೇಲೂ ದೊಡ್ಡ, ಸೊಟ್ಟ ಅಕ್ಷರಗಳಲ್ಲಿ ‘ಘಾಟುಮೂಲಂಗಿ’ ಎಂದು ಬರೆದಿದೆ.